‘ಮಿಕ್ಸೆಡ್ ಯೂಸ್’ಗೆ ಕನ್ನಡವೇನು? ಫಲಕ ನಾಳೆ ಬೆಳಿಗ್ಗೆಗೆ ಬೇಕು

ಬಲ್ಲವರಿಗೆ ನಮಸ್ಕಾರ. ಬೆಂಗಳೂರಿನ ಬಳೆಪೇಟೆಯಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿ ಹೊಸದು ಕಟ್ಟಿದ್ದಾರೆ. ನೆಲಮಟ್ಟದಲ್ಲಿ ಆರು ಅಂಗಡಿ, ಮೇಲೆಲ್ಲ ಮನೆ. ಅದರ ಮಾಹಿತಿ ಹಾಳೆಯನ್ನೂ ಬಾಗಿಲ ಫಲಕವನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಫ್‌ಎಆರ್ (ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಹೇಗೋ ದಾಟಿದೆ: ‘ನೆಲವಿಸ್ತೀರ್ಣ ಅನುಪಾತ’ ಎಂದು ಬರೆದು ಪಕ್ಕದಲ್ಲೇ ಲೆಕ್ಕ ಕೊಟ್ಟೆ. ನಿವೇಶನ 1200 ಚದರಡಿ, ಅನುಪಾತ 2 ಇದ್ದರೆ ಒಟ್ಟು 2400 ಚದರಡಿ. ಜಾಗ ಪೂರ್ತಿ ತುಂಬಿದರೆ ಎರಡು ಅಂತಸ್ತು, ಅರ್ಧ ಬಿಟ್ಟರೆ ನಾಲ್ಕು. ಉಳಿದದ್ದು ಮೂರು: ಮಿಕ್ಸೆಡ್ ಯೂಸ್, ಸೆಟ್‌ಬ್ಯಾಕ್ (ಗೋಡೆಗೂ ನಿವೇಶನದ ಗಡಿಗೂ ನಡುವಿನ ಅಂತರ), ಡೌನ್‌ಟೌನ್. ‘ಮಿಶ್ರಬಳಕೆ ಕಟ್ಟಡ’ ಎಂದು ಬರೆದು ತೋರಿಸಿದರೆ ಮಾಲೀಕರು, ‘ಇದರಲ್ಲಿ ಏನು ಬೆರೆಸಿದ್ದೇವಮ್ಮ ನಾವು?’ ಎಂದರು. ಫಲಕ ಬರೆಯುವವರು ನಾಳೆ ಹತ್ತಕ್ಕೆ ಬರುತ್ತಾರೆ.

ಮೈಸೂರಿನಿಂದ:
‘ಮಿಶ್ರಬಳಕೆ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ದೋಷ. ಕೈಬಿಡಿ. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಬೇಡವೆಂದಿದ್ದನ್ನು ಇಂದು ಫಲಕಕ್ಕೆ ಏರಿಸುವ ಅಗತ್ಯವಿಲ್ಲ. ಒಂದೋ ‘ಮಿಶ್ರೋಪಯೋಗ’ ಎನ್ನಿ, ಇಲ್ಲವೇ ಪೂರ್ತಿ ಕನ್ನಡದಲ್ಲಿ ‘ಬೆರಕೆಬಳಕೆ’ ಎನ್ನಿ. ಎರಡರ ನಡುವೆ ನಿಲ್ಲಬೇಡಿ.

ಶಿವಮೊಗ್ಗದಿಂದ:
ಬೆರಕೆ ಸೊಪ್ಪಿಗೆ ಸರಿ, ಕಟ್ಟಡಕ್ಕಲ್ಲ. ಬೆರಕೆ ಎಂದೊಡನೆ ಕಲಬೆರಕೆ ನೆನಪಾಗಿ, ಕೊಳ್ಳಲು ಬಂದವರು ಮೊದಲು ಸಿಮೆಂಟನ್ನೇ ಕೆರೆದು ನೋಡುತ್ತಾರೆ. ಮೈಸೂರಿನ ಮೇಷ್ಟ್ರು ‘ದಿನಬಳಕೆ’ಯನ್ನೂ ಕೈಬಿಟ್ಟಿದ್ದಾರೆಯೇ?

ಡೌನ್‌ಟೌನ್‌ಗೆ ಏಕೆ ತಲೆ ಕೆಡಿಸಿಕೊಳ್ಳುತ್ತೀರಿ? ಪೇಟೆ ಇದೆಯಲ್ಲ. ನಮ್ಮ ಮಲೆನಾಡಿನಲ್ಲಿ ‘ಪೇಟೆಗೆ ಹೋಗಿ ಬರುತ್ತೇನೆ’ ಎಂದರೆ ಊರಿನ ಯಾವ ಭಾಗಕ್ಕೆಂದು ಯಾರೂ ಕೇಳುವುದಿಲ್ಲ. ತಮಿಳಿನಲ್ಲಿ ಪೇಟ್ಟೈ, ತೆಲುಗಿನಲ್ಲಿ ಪೇಟ, ಮರಾಠಿಯಲ್ಲಿ ಪೇಠ. ನೀವು ಕುಳಿತಿರುವುದೇ ಬಳೆಪೇಟೆಯಲ್ಲಿ. ‘ನಗರಕೇಂದ್ರ’ ಎಂದು ಬರೆದರೆ ಆಟೋದವರು ಕೇಂದ್ರ ಬಸ್ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ.

ಮೈಸೂರಿನಿಂದ:
‘ದಿನ’ ಸಮಸಂಸ್ಕೃತ, ಎರಡೂ ಭಾಷೆಯಲ್ಲಿ ಒಂದೇ ರೂಪದ ಪದ, ಅದಕ್ಕೆ ಆ ದೋಷವಿಲ್ಲ. ವ್ಯಾಕರಣ ಓದಿ ಬರೆಯಿರಿ.

ಧಾರವಾಡದಿಂದ:
ಪದ ನಿಮ್ಮ ಬಾಯಲ್ಲೇ ಇದೆ. ಅಂಗಡಿಗೆ ಮಳಿಗೆ, ಮೇಲಂತಸ್ತಿಗೆ ಮಾಳಿಗೆ. ಒಂದು ದೀರ್ಘ ಹೆಚ್ಚಿಸಿದರೆ ಒಂದು ಅಂತಸ್ತು ಏರಿದಂತೆ. ‘ಮಳಿಗೆ ಮಾಳಿಗೆ ಕಟ್ಟಡ’ ಎನ್ನಿ. ಇವೆರಡಕ್ಕೂ ಮೂಲ ಒಂದೇ ಎಂಬುದು ನನ್ನ ಹಳೆಯ ಅನುಮಾನ. ಅದನ್ನು ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಶಿವಮೊಗ್ಗದಿಂದ:
ದಯವಿಟ್ಟು ಬರೆಯಬೇಡಿ. ನಿಮ್ಮ ಕಡೆ ಮಾಳಿಗೆ ಎಂದರೆ ಮಣ್ಣಿನ ಮೇಲ್ಛಾವಣಿ. ಬಳೆಪೇಟೆಯವರು ಅಚ್ಚಿನ ತಪ್ಪೆಂದು ದೀರ್ಘವನ್ನು ಕೆರೆದು ಹಾಕುತ್ತಾರೆ.

ಕ್ಲೀವ್‌ಲ್ಯಾಂಡ್‌ನಿಂದ:
ನಾನಿರುವ ಊರಿನ ಮಗ್ಗುಲಲ್ಲೇ ಯೂಕ್ಲಿಡ್ ಎಂಬ ಊರಿದೆ. ಮನೆ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ, ಕಾರ್ಖಾನೆ ಮತ್ತೊಂದು ಕಡೆ ಎಂದು ಊರನ್ನು ವಲಯಗಳಾಗಿ ಹಂಚಿದ ಅದರ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಎತ್ತಿಹಿಡಿಯಿತು. ಹೀಗೆ ಬೇರ್ಪಡಿಸಿದ ಮೇಲೆ, ಮತ್ತೆ ಒಂದೇ ಸೂರಿನಡಿ ತರಲು ಹೊರಟವರಿಗೆ ‘ಮಿಕ್ಸೆಡ್’ ಎಂಬ ಮಾತು ಬೇಕಾಯಿತು. ನಮ್ಮಲ್ಲಿ ವಲಯ ನಿಯಮಾವಳಿಗೆ ಆಧಾರವಾದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಬೆಂಗಳೂರಿನ ಪೇಟೆಯಾದರೋ ಕೆಂಪೇಗೌಡರ ಕಾಲದ್ದು. ಬಳೆಗಾರರು ಕೆಳಗೆ ಬಳೆ ಮಾರಿ ಮೇಲೆ ಮಲಗುತ್ತಿದ್ದರು, ಅದಕ್ಕೊಂದು ಹೆಸರು ಬೇಕೆಂದು ಯಾರಿಗೂ ತೋಚಲಿಲ್ಲ. ಪದ ಅಮೆರಿಕದವರದು, ಅವರದನ್ನೇ ಇಟ್ಟುಕೊಳ್ಳಿ: ‘ಮಿಕ್ಸೆಡ್ ಯೂಸ್’.

ಮೈಸೂರಿನಿಂದ:
ಹೀಗೆ ‘ಅವರದನ್ನೇ ಇಟ್ಟುಕೊಂಡು’ ಅರಳೆಪೇಟೆ ಕಾಟನ್‌ಪೇಟೆಯಾಯಿತು, ದೊಡ್ಡಪೇಟೆ ಅವೆನ್ಯೂ ರಸ್ತೆಯಾಯಿತು. ಓಹಾಯೋದಲ್ಲಿ ಕುಳಿತು ಉದಾರವಾಗಿರುವುದು ಸುಲಭ.

ತುಮಕೂರಿನಿಂದ:
ನಾನು ಮನೆ ಕಟ್ಟಿಸುವವನು, ಪಂಡಿತನಲ್ಲ. ನಕ್ಷೆ, ಮಂಜೂರು, ಜಮೀನು ಎಲ್ಲವೂ ಹೊರಗಿನಿಂದ ಬಂದವು. ಮೇಸ್ತ್ರಿ ಪೋರ್ಚುಗೀಸರ ಹಡಗಿನಲ್ಲಿ ಬಂದವನು. ಇವರನ್ನೆಲ್ಲ ಹೊರಗಟ್ಟಿದರೆ ಮೈಸೂರಿನವರ ಮನೆ ತಳಪಾಯದಿಂದ ಮೇಲೇಳುವುದಿಲ್ಲ.

ಸೆಟ್‌ಬ್ಯಾಕ್‌ಗೆ ಇದುವರೆಗೆ ಯಾರೂ ಉತ್ತರಿಸಿಲ್ಲ. ‘ಅಂಗಳ’, ‘ಹಿತ್ತಲು’ ಎನ್ನಬೇಡಿ. ಅಂಗಳ ಇಷ್ಟವಿದ್ದವರು ಇಟ್ಟುಕೊಳ್ಳುವುದು. ಇದು ಗಾಳಿ ಬೆಳಕಿಗೆಂದು, ಬೆಂಕಿ ಬಿದ್ದರೆ ಅಗ್ನಿಶಾಮಕದವರು ನುಗ್ಗಲೆಂದು, ಕಾನೂನು ಬಿಡಿಸುವುದು. ಗೋಡೆಗೆ ಗೋಡೆ ಅಂಟಿರುವ ಪೇಟೆಯಲ್ಲಿ ಜಗಳ ಹುಟ್ಟುವುದೇ ಇಲ್ಲಿ: ಹತ್ತಡಿ ಅಗಲದ ನಿವೇಶನದಲ್ಲಿ ಎರಡೂ ಪಕ್ಕ ಮೂರು ಮೂರಡಿ ಬಿಟ್ಟರೆ ಉಳಿಯುವುದು ನಾಲ್ಕಡಿ, ಅದರಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಮೇಸ್ತ್ರಿ ಹೇಳುವುದು ‘ಮೂರಡಿ ಬಿಡಬೇಕು’ ಎಂದು. ಆದ್ದರಿಂದ ‘ಬಿಡುಜಾಗ’.

ಮೈಸೂರಿನಿಂದ:
‘ಬಿಡುಜಾಗ’ ಗಮಕಸಮಾಸ, ‘ಬಿಡುವ’ ಎಂಬ ಕ್ರಿಯಾರೂಪ ನಾಮಪದಕ್ಕೆ ಸೇರಿದ್ದು, ಸುಡುಗಾಡಿನಂತೆ. ದೋಷವಿಲ್ಲ. ಆದರೆ ‘ಜಾಗ’ ಕನ್ನಡವಲ್ಲ, ‘ಬಿಡುನೆಲ’ ಎನ್ನಬಹುದು.

ತುಮಕೂರಿನಿಂದ:
ಬಿಡುನೆಲ ಎಂದರೆ ಬೀಳುಭೂಮಿ ಎಂದುಕೊಂಡು ಯಾರಾದರೂ ಬೇಲಿ ಹಾಕುತ್ತಾರೆ. ಉದಾಹರಣೆಗೆ ಸುಡುಗಾಡೇ ಸಿಕ್ಕಿತೇ ನಿಮಗೆ?

ಬಳೆಪೇಟೆಯಿಂದ:
ಎಲ್ಲರಿಗೂ ಧನ್ಯವಾದ. ಹನ್ನೊಂದು ಗಂಟೆಯಾಯಿತು, ಫಲಕ ಒಣಗುತ್ತಿದೆ. ಬರೆಯುವವರು ನನ್ನ ಪಟ್ಟಿಯನ್ನು ಒಮ್ಮೆ ಓದಿ, ‘ಮಿಶ್ರೋಪಯೋಗ’ದ ಒತ್ತು ಕೆಳಗಿನ ಫೋನ್ ನಂಬರಿಗೆ ತಾಗುತ್ತದೆ ಎಂದರು. ‘ಜನ ಏನು ಹುಡುಕಿಕೊಂಡು ಬರುತ್ತಾರೆ?’ ಎಂದು ಕೇಳಿದರು. ಮನೆಗೆ ಹೋಗುವವರು ಅಂಗಡಿಗೆ ನುಗ್ಗಿ ಮೆಟ್ಟಿಲು ಕೇಳುತ್ತಾರೆ ಎಂದೆ. ಬಾಗಿಲ ಮೇಲೆ ‘ಮನೆಗಳಿಗೆ ದಾರಿ’ ಎಂದು ಬರೆದು, ಹಳದಿ ಬಾಣವೊಂದನ್ನು ಮೆಟ್ಟಿಲ ಕಡೆಗೆ ತಿರುಗಿಸಿದರು. ಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆಯ ಚಿಂತೆಯೂ ಉಳಿಯಲಿಲ್ಲ, ಬಾಣ ಬಿಟ್ಟರೆ ಎಲ್ಲ ಕನ್ನಡವೇ.

ಮಾಹಿತಿ ಹಾಳೆಗೆ ‘ಪೇಟೆ’ಯನ್ನೂ ‘ಬಿಡುಜಾಗ’ವನ್ನೂ ತೆಗೆದುಕೊಂಡಿದ್ದೇನೆ. ‘ಮಿಶ್ರ ಬಳಕೆ’ಯನ್ನು ಉಳಿಸಿಕೊಂಡು, ನಡುವೆ ಬಿಡುಜಾಗ ಬಿಟ್ಟಿದ್ದೇನೆ. ಈಗ ಅದು ಎರಡು ಪದ, ಸಮಾಸವೇ ಅಲ್ಲ.

ಮೈಸೂರಿನಿಂದ:
ಜಾಗ ಬಿಟ್ಟ ಮಾತ್ರಕ್ಕೆ ಸಮಾಸ ತಪ್ಪುವುದಿಲ್ಲ.