ಎಂ16 ಟೈ ರಾಡ್: ಡೈ ಹಾಕಲಾ, ಟೂಲ್‌ನಲ್ಲಿ ಹೊಡೆಯಲಾ, ರೋಲಿಂಗ್‌ಗೆ ಕಳಿಸಲಾ?

ಉದ್ಯಮಬಾಗ್ ಟರ್ನರ್, ಬೆಳಗಾವಿ
ಎಲ್ಲರಿಗೂ ನಮಸ್ಕಾರ. ಉದ್ಯಮಬಾಗ್‌ನಲ್ಲಿ ನಂದು ಚಿಕ್ಕ ಶಾಪ್, ಎರಡು ಹಳೇ ಸೆಂಟರ್ ಲೇತ್ ಇವೆ. ಹೈಡ್ರಾಲಿಕ್ ಸಿಲಿಂಡರ್‌ನ ಟೈ ರಾಡ್ (ಎರಡೂ ತುದಿಯ ಮುಚ್ಚಳ ಬಿಗಿದಿಡುವ ಉದ್ದ ಸರಳು) ಕೆಲಸ ಬಂದಿದೆ. ಇಎನ್8 ಉಕ್ಕು, 16 ಎಂಎಂ ರಾಡ್, ಎರಡೂ ತುದಿಗೆ 45 ಎಂಎಂ ಉದ್ದ ಎಂ16×2 ಥ್ರೆಡ್ (ಹೊರ ವ್ಯಾಸ 16, ಪಿಚ್ ಅಂದರೆ ಥ್ರೆಡ್‌ನಿಂದ ಥ್ರೆಡ್‌ಗೆ ಅಂತರ 2 ಎಂಎಂ), ಟಾಲರೆನ್ಸ್ (ಸೈಜ್‌ನಲ್ಲಿ ಒಪ್ಪುವ ವ್ಯತ್ಯಾಸ) 6ಜಿ. 400 ರಾಡ್, ಅಂದರೆ 800 ತುದಿ. ಹೋದ ಸಲ ಇಂಥದ್ದೇ ರಾಡ್‌ಗೆ ಕೈಯಲ್ಲೇ ಬಟನ್ ಡೈ (ಥ್ರೆಡ್ ಕೊರೆಯುವ ಉಂಗುರದಂಥ ಉಪಕರಣ) ತಿರುಗಿಸಿ ಕೊಟ್ಟಿದ್ದೆ, ನಟ್ ಓರೆಯಾಗಿ ಕೂತು 30 ರಾಡ್ ವಾಪಸ್ ಬಂದವು. ಈ ಸಲ ಹಾಗಾಗಬಾರದು. ಲೇತ್ ಟೂಲ್‌ನಲ್ಲಿ ಕಟ್ ಮಾಡಿ ಹೊಡೆದರೆ ಟೈಮ್ ಜಾಸ್ತಿ, ರೋಲರ್‌ನಿಂದ ಒತ್ತಿ ಥ್ರೆಡ್ ಮೂಡಿಸುವ ರೋಲಿಂಗ್ ಮಷೀನ್ ನನ್ನ ಹತ್ತಿರ ಇಲ್ಲ. ಏನು ಮಾಡಲಿ?

ರಿಪೇರಿ ಶಾಪ್, ಬಾಗಲಕೋಟೆ
ಅಣ್ಣಾ, ತಪ್ಪು ಡೈದಲ್ಲ. ಕೈಯಲ್ಲಿ ಹಿಡಿದು ಶುರು ಮಾಡಿದರೆ ಡೈ ನೇರ ಕೂರುವುದೇ ಇಲ್ಲ, ಮೊದಲ ಎರಡು ಸುತ್ತು ಓರೆ ಆದರೆ ಕೊನೆವರೆಗೂ ಓರೆ. ಟೇಲ್ ಸ್ಟಾಕ್‌ನಲ್ಲಿ (ಚಕ್‌ಗೆ ಎದುರು ತುದಿಯ ಆಧಾರ) ಡೈ ಹೋಲ್ಡರ್ ಹಾಕಿ, ತುದಿಗೆ ಚೇಂಫರ್ (ಅಂಚಿಗೆ ಇಳಿಜಾರು) ಕೊಡಿ, ಹೊರ ವ್ಯಾಸ 15.8ರ ಆಸುಪಾಸು ಟರ್ನ್ ಮಾಡಿಕೊಳ್ಳಿ. ಪೂರ್ತಿ 16 ಇಟ್ಟರೆ ಡೈ ಸುಮ್ನೆ ಒದ್ದಾಡುತ್ತದೆ, ಥ್ರೆಡ್ ಹರಿಯುತ್ತದೆ. ನಾನು ಮಾಡುವುದು ಹೀಗೆ: ಟೂಲ್‌ನಲ್ಲಿ ಮುಕ್ಕಾಲು ಆಳ ತೆಗೆದು, ಕೊನೆಯ ಸೈಜ್ ಡೈಯಿಂದ. ಟೂಲ್ ದಾರಿ ಹಾಕಿರುತ್ತದೆ, ಡೈ ಅದರ ಮೇಲೇ ಹೋಗುತ್ತದೆ. ಹತ್ತಿಪ್ಪತ್ತು ಪೀಸ್‌ಗೆ ಇದು ಚೆನ್ನಾಗಿ ನಡೆಯುತ್ತದೆ. 800 ತುದಿಗೆ ನಾನಾದರೆ ಮಾಡಲ್ಲ.

ಹಳೇ ಲೇತ್, ವಿಜಯಪುರ
ಟೂಲ್‌ನಲ್ಲಿ ಹೊಡೆಯುವುದಾದರೆ ಮೊದಲು ನಿಮ್ಮ ಲೀಡ್ ಸ್ಕ್ರೂ (ಟೂಲ್ ಹೊತ್ತ ಕ್ಯಾರೇಜ್ ಎಳೆಯುವ ಉದ್ದ ಸ್ಕ್ರೂ) ನೋಡಿ ಸರ್. 6 ಎಂಎಂ ಪಿಚ್ ಇದ್ದರೆ 2 ಅದರಲ್ಲಿ ಸರಿಯಾಗಿ ಮೂರು ಸಲ ಹೋಗುತ್ತದೆ, ಹಾಗಾಗಿ ಕ್ಯಾರೇಜನ್ನು ಆ ಸ್ಕ್ರೂಗೆ ಹಿಡಿಸುವ ಹಾಫ್ ನಟ್ ಬಿಚ್ಚಿ ಕ್ಯಾರೇಜ್ ಹಿಂದೆ ತಂದು ಎಲ್ಲಿ ಬೇಕಾದರೂ ಮತ್ತೆ ಹಾಕಬಹುದು. ಹಳೇ ಲೇತ್‌ನಲ್ಲಿ ಇಂಚಿಗೆ ನಾಲ್ಕು ಥ್ರೆಡ್‌ನ ಸ್ಕ್ರೂ ಇದ್ದರೆ ಆ ಲೆಕ್ಕ ನಡೆಯಲ್ಲ. ಮೆಟ್ರಿಕ್‌ಗೆ 127 ಹಲ್ಲಿನ ಗೇರ್ ಹಾಕಿರುತ್ತೀರಿ, ಆಗ ಹಾಫ್ ನಟ್ ಬಿಚ್ಚಲೇಬೇಡಿ, ಟೂಲ್ ಹಿಂದಕ್ಕೆ ಎಳೆದು ಮೋಟರ್ ಉಲ್ಟಾ ತಿರುಗಿಸಿ ವಾಪಸ್ ತನ್ನಿ. ಇದು ಗೊತ್ತಿಲ್ಲದೆ ಕಲಿಯುವಾಗ ಒಂದು ಇಡೀ ದಿನದ ಕೆಲಸ ಕೆಡಿಸಿದ್ದೆ, ಎರಡನೇ ಪಾಸ್ ಮೊದಲನೆಯದರ ನಡುವೆ ಹೋಗಿ ಕೂತಿತ್ತು. ಎಂ16×2ಗೆ ಆಳ ಸುಮಾರು 1.23 ಎಂಎಂ, ಒಂದೇ ಏಟಿಗೆ ಬೇಡ, ಪಾಸ್ ಪಾಸ್‌ಗೂ ಕಡಿಮೆ ಮಾಡುತ್ತಾ ಹೋಗಿ.

ಮಚ್ಛೆ ಜಾಬ್ ವರ್ಕ್, ಬೆಳಗಾವಿ
ಒಂದು ಮಾತು ಯಾರೂ ಕೇಳಲಿಲ್ಲ. ಇದು ಟೈ ರಾಡ್ ಅಲ್ವಾ? ಸಿಲಿಂಡರ್ ಪ್ರೆಶರ್ ಏರಿದಾಗ ಎಳೆತ, ಇಳಿದಾಗ ಸಡಿಲ, ದಿನಕ್ಕೆ ಸಾವಿರಾರು ಸಲ. ಇಂಥ ರಾಡ್ ಮುರಿಯುವುದು ಸಾಮಾನ್ಯವಾಗಿ ಥ್ರೆಡ್ ಬುಡದಲ್ಲೇ. ಕಟ್ ಮಾಡಿದರೆ ಉಕ್ಕಿನ ಎಳೆ ತುಂಡಾಗುತ್ತದೆ, ಬುಡದಲ್ಲಿ ಟೂಲ್‌ನ ಗೀರು ಉಳಿಯುತ್ತದೆ. ರೋಲಿಂಗ್‌ನಲ್ಲಿ ಲೋಹ ಹೋಗಲ್ಲ, ಒತ್ತಿ ಸರಿಯುತ್ತದೆ, ಎಳೆ ಥ್ರೆಡ್‌ನ ಆಕಾರಕ್ಕೇ ಬಾಗುತ್ತದೆ, ಬುಡ ನುಣ್ಣಗೆ ಗಟ್ಟಿಯಾಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಇದು ರೋಲಿಂಗ್ ಕೆಲಸ. ಬೀಡು ಕಬ್ಬಿಣ ಆಗಿದ್ದರೆ ಬೇಡ ಅಂತಿದ್ದೆ, ಅದು ಒಡೆಯುತ್ತದೆ. ಇಎನ್8 ಆರಾಮಾಗಿ ಆಗುತ್ತದೆ.

ಆದರೆ 16ರ ರಾಡ್ ಹಾಗೇ ಕಳಿಸಬೇಡಿ. ರೋಲಿಂಗ್‌ಗೆ ಬ್ಲ್ಯಾಂಕ್ (ಥ್ರೆಡ್ ಆಗುವ ಮೊದಲಿನ ತುದಿ) ಪಿಚ್ ವ್ಯಾಸದ (ಥ್ರೆಡ್‌ನ ತಲೆಗೂ ಬುಡಕ್ಕೂ ನಡುವೆ ಬರುವ ವ್ಯಾಸ) ಹತ್ತಿರ ಇರಬೇಕು, ಇಲ್ಲಿ 14.6 ಸುಮಾರು. ತುದಿ ಟರ್ನಿಂಗ್ ನಿಮ್ಮ ಲೇತ್‌ನಲ್ಲೇ ಮಾಡಿ, ಸೈಜ್ ಒಂದೇ ಸಮ ಇರಲಿ. ಬ್ಲ್ಯಾಂಕ್ ಸ್ವಲ್ಪ ದಪ್ಪ ಆದರೂ ಹೊರ ವ್ಯಾಸ ಅದಕ್ಕಿಂತ ಜಾಸ್ತಿ ಏರುತ್ತದೆ, ರೋಲರ್ ಮೇಲೆ ಒತ್ತಡ ಬೀಳುತ್ತದೆ. ಮೊದಲು ಹತ್ತು ರಾಡ್ ಮಾಡಿಸಿ ನೋಡಿ. ಡ್ರಾಯಿಂಗ್‌ನಲ್ಲಿ ‘ರೋಲ್ಡ್’ ಅಂತ ಬರೆದಿದೆಯಾ?

ಉದ್ಯಮಬಾಗ್ ಟರ್ನರ್
ಡ್ರಾಯಿಂಗ್ ಈಗ ತೆಗೆದು ನೋಡಿದೆ. ಮೂಲೆಯಲ್ಲಿ ಚಿಕ್ಕದಾಗಿ ‘ರೋಲ್ಡ್ ಥ್ರೆಡ್’ ಅಂತಲೇ ಇದೆ, ನಾನು ಸೈಜ್ ಓದಿ ಮುಂದೆ ಹೋಗಿದ್ದೆ. ನಾಳೆ 12 ರಾಡ್ ತುದಿ 14.6ಕ್ಕೆ ಟರ್ನ್ ಮಾಡಿ ಇಟ್ಟುಕೊಳ್ಳುತ್ತೇನೆ, ನನ್ನ ಹತ್ತಿರ 6ಜಿ ರಿಂಗ್ ಗೇಜ್ ಇದೆ, ಗೋ (ಸಲೀಸಾಗಿ ಹತ್ತಬೇಕು) ಮತ್ತು ನೋ ಗೋ (ಹತ್ತಬಾರದು) ಎರಡೂ. ಮಚ್ಛೆ ಅಣ್ಣಾವ್ರೇ, ಎರಡೂ ತುದಿ ಒಂದೇ ಸಲ ಕಳಿಸಲಾ, ಒಂದು ತುದಿ ನೋಡಿ ಆಮೇಲೆ ಇನ್ನೊಂದಾ?

ಮಚ್ಛೆ ಜಾಬ್ ವರ್ಕ್
ಒಂದು ತುದಿ ಮೊದಲು. ಗೇಜ್ ಜೊತೆಗೇ ತನ್ನಿ, ಮಷೀನ್ ಪಕ್ಕದಲ್ಲೇ ಹಾಕಿ ನೋಡೋಣ.