ಅರ್ಜಿ ಹಾಕುವ ಮುಂಚೆ ಇದನ್ನು ಕೇಳಿಸಿಕೋ ಚಂದನಾ

ಚಂದನಾ, ನಾನು ಅತ್ತೆ. ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಅದಕ್ಕೆ ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಅತ್ತಿಗೆ, ಬೇಜಾರಾದರೆ ನೀವು ಕೇಳಬೇಡಿ.

ನೀನು ಕೇಳಿದ್ದು ಎರಡು ವಿಷಯ. ರಾಜ್ಯ ಸರ್ಕಾರದ ಗ್ರೂಪ್ ಸಿ ಪೋಸ್ಟಿಗೆ ಡಿಗ್ರಿ ಕೇಳಿದ್ದಾರೆ, ಫೈನಲ್ ಸೆಮ್ ರಿಸಲ್ಟ್ ಬಂದಿಲ್ಲ, ಅರ್ಜಿ ಹಾಕಲಾ ಅಂತ ಒಂದು. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿಗೆ ಟಿಕ್ ಮಾಡಲಾ ಅಂತ ಇನ್ನೊಂದು. ಅದಕ್ಕೆ ಅಣ್ಣ, ನೀನು 'ಸುಮ್ನೆ ಎಲ್ಲದಕ್ಕೂ ಟಿಕ್ ಮಾಡು, ಹೋದರೆ ಫೀಸ್ ತಾನೇ' ಅಂದಿದ್ದೀಯ. ಮಗಳಿಗೆ ಹಾಗೆಲ್ಲ ಹೇಳಬೇಡಪ್ಪ. ಪಾಂಡವಪುರದ ಕಡೆ ಹೈಸ್ಕೂಲ್ ಆಫೀಸಿನಲ್ಲಿ ಅಷ್ಟು ವರ್ಷ ಗುಮಾಸ್ತೆಯಾಗಿ ಕೂತವಳು ನಾನು. ಓದಿನಲ್ಲಿ ಸೋತವರಿಗಿಂತ ಕಾಗದದಲ್ಲಿ ಸೋತವರನ್ನೇ ಜಾಸ್ತಿ ನೋಡಿದ್ದೇನೆ.

ಮೊದಲು ಕೊನೆಯ ದಿನಾಂಕ ನೋಡಮ್ಮ. ಅದು ಬರೀ ಅರ್ಜಿ ಹಾಕುವುದಕ್ಕೆ ಕೊಟ್ಟ ಗಡುವು ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ. ಆ ದಿನಕ್ಕೆ ನಿನ್ನ ಹತ್ತಿರ ಏನಿದೆಯೋ ಅಷ್ಟೇ ನಿನ್ನ ಅರ್ಹತೆ. ಡಿಗ್ರಿ ಅಷ್ಟರೊಳಗೆ ಪಾಸಾಗಿರಬೇಕು. ಪರೀಕ್ಷೆ ಬರೆದಿದ್ದೇನೆ, ರಿಸಲ್ಟ್ ಬರುವುದಿದೆ ಅಂದರೆ ನಡೆಯುವುದಿಲ್ಲ. ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪ್ರಿಲಿಮ್ಸ್‌ಗೆ ಕೊನೆಯ ವರ್ಷದವರೂ ಕೂರಬಹುದು, ನಿಮ್ಮ ಕೋಚಿಂಗ್ ಸೆಂಟರಿನವರು ಅದನ್ನೇ ಹೇಳಿ ತಲೆ ಕೆಡಿಸಿರಬೇಕು. ಅಲ್ಲಿ ಹಾಗಂತ ಬರೆದಿರುತ್ತಾರೆ, ಅದಕ್ಕೆ ನಡೆಯುತ್ತದೆ. ನೀನು ಕಳಿಸಿದ ನೋಟಿಫಿಕೇಶನ್ನಿನಲ್ಲಿ ಎಲ್ಲೂ ಹಾಗಿಲ್ಲ, ಎರಡು ಸಲ ಓದಿದೆ. ರಿಸಲ್ಟ್ ಅಷ್ಟರೊಳಗೆ ಬಂದರೆ ಹಾಕು, ಇಲ್ಲದಿದ್ದರೆ ಈ ಸಲ ಬಿಡು. ಡಿಗ್ರಿ ಬೇಡದ ಪೋಸ್ಟುಗಳೂ ಬರುತ್ತಲೇ ಇರುತ್ತವೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಅಂತ 1000 ಪೋಸ್ಟ್ ಕರೆದರಲ್ಲ, ಅದಕ್ಕೆ ಪಿಯುಸಿ ಸಾಕಿತ್ತು. ಆದರೆ ಕಡ್ಡಾಯ ಕನ್ನಡ ಪೇಪರ್ ಇತ್ತು, 150ಕ್ಕೆ 50 ಬರಲೇಬೇಕು. ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಬರದಿದ್ದರೆ ಮಾತ್ರ ಮನೆಗೆ. ಕನ್ನಡ ತಾನೇ ಅಂತ ಉಡಾಫೆ ಮಾಡಬೇಡ.

ಈಗ ಗ್ರಾಮೀಣ. ಇದು ಕೇಳಿ ನಿನಗೆ ಬೇಜಾರಾಗುತ್ತದೆ. ನಿನಗೆ ಗ್ರಾಮೀಣ ಬರುವುದಿಲ್ಲ ಪುಟ್ಟಿ. ಊರಲ್ಲಿ ಮನೆ ಇದೆ, ಗದ್ದೆ ಇದೆ, ಓಟು ಅಲ್ಲೇ ಹಾಕುತ್ತೇವೆ ಅಂತೀಯ. ಅದು ಯಾವುದೂ ಲೆಕ್ಕಕ್ಕಿಲ್ಲ, ಶಾಲೆ ಮಾತ್ರ ಲೆಕ್ಕ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನೀನು ಏಳರವರೆಗೆ ಊರಲ್ಲಿದ್ದೆ, ಎಂಟಕ್ಕೆ ಮೈಸೂರಿಗೆ ಬಂದೆ. ಎಂಟರಿಂದ ನಗರಕ್ಕೆ ಕಳಿಸಿ ಅಂತ ಆಗ ಹಟ ಹಿಡಿದವಳು ನಾನೇ, ಬೈದುಕೊಳ್ಳುವುದಾದರೆ ನನ್ನನ್ನೇ ಬೈಯಿ. 25 ಪರ್ಸೆಂಟ್ ಮೀಸಲಾತಿ, ಆಸೆ ಆಗುವುದು ಸಹಜ. ಆದರೆ ಟಿಕ್ ಮಾಡಿಬಿಟ್ಟರೆ ದಾಖಲೆ ಪರಿಶೀಲನೆಯ ದಿನ ನಮೂನೆ-2 ಎಲ್ಲಿ ಅಂತಾರೆ, ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಅದು. ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ. ಎಲ್ಲಿಂದ ತರುತ್ತೀಯ?

ಕನ್ನಡ ಮಾಧ್ಯಮ ಮಾತ್ರ ನಿನಗೆ ಖಂಡಿತ ಬರುತ್ತದೆ, 5 ಪರ್ಸೆಂಟ್. ಮೈಸೂರಿನಲ್ಲೂ ಕನ್ನಡ ಮೀಡಿಯಂನಲ್ಲೇ ಓದಿದೆ ಅಲ್ವಾ. ಎರಡೂ ಶಾಲೆಯಿಂದ ಸರ್ಟಿಫಿಕೇಟ್ ತಗೋ. ಯಾವ ಕ್ಲಾಸಿನಿಂದ ಯಾವ ಕ್ಲಾಸಿನವರೆಗೆ ಅಂತ ಸರಿಯಾಗಿ ಬರೆಸು. ಅರ್ಜಿಯಲ್ಲಿ ಇದಕ್ಕೆ ಟಿಕ್ ಮಾಡುವುದನ್ನೂ ಮರೆಯಬೇಡ, ಆಮೇಲೆ ಇದೆ ಇದೆ ಅಂತ ಕೂಗಿದರೂ ಕೇಳುವುದಿಲ್ಲ.

ಇನ್ನು ಜಾತಿ ಸರ್ಟಿಫಿಕೇಟ್. ನಮ್ಮದು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಎ, ಅದಕ್ಕೆ ಕೊಡುವ ಕಾಗದ ನಮೂನೆ ಎಫ್. ಅದರ ಆಯುಸ್ಸು ಐದೇ ವರ್ಷ. ನೀನು ಮಾಡಿಸಿದ್ದು ಪಿಯುಸಿಗೆ ಸೇರುವಾಗ. ಪಿಯುಸಿ ಎರಡು, ಡಿಗ್ರಿ ಮೂರು, ಐದಾಯಿತಲ್ಲ! ಇವತ್ತೇ ತೆಗೆದು ನೋಡು. ಮುಂದೆ ಕೇಂದ್ರದ ಕೆಲಸಕ್ಕೆ ಹಾಕುವುದಾದರೆ ಇದೇ ಕಾಗದ ಕೊಡಬೇಡ, ಅವರ ಒಬಿಸಿ ಪಟ್ಟಿ ಬೇರೆ, ನಮೂನೆಯೂ ಬೇರೆ.

ದಿನಾಂಕ ದಿನಾಂಕ ಅಂತ ಯಾಕೆ ಬಡಿದುಕೊಳ್ಳುತ್ತೇನೆ ಅಂದರೆ, ಒಬ್ಬ ಹುಡುಗನ ಮುಖ ಇನ್ನೂ ಕಣ್ಣಮುಂದಿದೆ. ಕೊನೆಯ ದಿನ, ಸಂಜೆ ನಾಲ್ಕು ಗಂಟೆ. ಸೈಕಲ್ ಗೋಡೆಗೆ ಒರಗಿಸಿ ಓಡಿ ಬಂದ. ಕೈಯಲ್ಲಿ ನಮೂನೆ-2, ಬೆವರಿಗೆ ಅಂಚು ಒದ್ದೆಯಾಗಿತ್ತು. ಹೆಡ್‌ಮಾಸ್ಟರ್ ಮೀಟಿಂಗಿಗೆ ಅಂತ ಮಂಡ್ಯಕ್ಕೆ ಹೋಗಿದ್ದರು. ನಾನು ರಿಜಿಸ್ಟರ್ ತೆಗೆದು ಎಲ್ಲ ಬರೆದು ಸೀಲ್ ಪಕ್ಕದಲ್ಲಿಟ್ಟು ಕೂತೆ. ಅವರು ಬರಲಿಲ್ಲ. ಮಾರನೇ ದಿನ ಸಹಿ ಆಯಿತು, ದಿನಾಂಕವೂ ಮಾರನೇ ದಿನದ್ದೇ. 'ಮೇಡಂ, ಒಂದು ದಿನ ಹಿಂದಿನದು ಹಾಕಿ' ಅಂದ. ನಾನು ಹಾಕಲಿಲ್ಲ. ಸುಳ್ಳು ದಿನಾಂಕ ಸಿಕ್ಕಿಬಿದ್ದರೆ ಅವನ ಕೆಲಸವೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಪರೀಕ್ಷೆಯಲ್ಲಿ ಒಳ್ಳೆ ಅಂಕವೇ ಬಂತಂತೆ. ಗ್ರಾಮೀಣ ಕೋಟಾ ಸಿಗದೆ ಲಿಸ್ಟಿನಿಂದ ಹೊರಗೆ ಉಳಿದ. ಆಮೇಲೆ ಸಂತೆಯಲ್ಲಿ ಸಿಕ್ಕರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಸರ್ಕಾರದ ಕನ್ನಡ ಅರ್ಥ ಆಗಲ್ಲ ಅಂದೆಯಲ್ಲ, ಅದಕ್ಕೊಂದು ಉಪಾಯ. ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು 'ತಕ್ಕದ್ದು' ಅಂತ ಬಂದ ಕಡೆಯೆಲ್ಲ ಗೆರೆ ಎಳಿ. ಹೊಂದಿರತಕ್ಕದ್ದು, ಸಲ್ಲಿಸತಕ್ಕದ್ದು, ಹೀಗೆ. ಅಲ್ಲಿ ಚೌಕಾಸಿ ಇಲ್ಲ. ವಯಸ್ಸಿಗೂ ಅಷ್ಟೇ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಏನಿದೆಯೋ ಅದೇ. ನಮ್ಮ ಊರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಮೇಷ್ಟ್ರು ಬರೆದದ್ದೇ ಜಾತಕ! ಅಜ್ಜಿ ಹೇಳಿದ ಹಬ್ಬದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕಿರಣಾ, ನೀನೂ ಕೇಳುತ್ತಿದ್ದೀಯಾ? ನಂಜನಗೂಡಿನ ಫ್ಯಾಕ್ಟರಿಯವರು ಎರಡು ವರ್ಷ ಅನುಭವ ಕೇಳಿದ್ದಾರೆ, ನನಗೆ ಅಪ್ರೆಂಟಿಸ್ ಒಂದೇ ವರ್ಷ ಅಂತ ಕೂತಿದ್ದೀಯಂತೆ. ಅದು ಬೇರೆ ಲೋಕ ಕಣೋ. ಅಲ್ಲಿ 'ತಕ್ಕದ್ದು' ಇಲ್ಲ. ಐಟಿಐ ಫಿಟ್ಟರ್ ಅನ್ನುವುದು ಬೇಕೇ ಬೇಕು, ಎರಡು ವರ್ಷ ಅನ್ನುವುದು ಅವರ ಆಸೆ. ಶಿಫ್ಟಿಗೆ ಬರುತ್ತೀಯಾ, ಡ್ರಾಯಿಂಗ್ ನೋಡಿ ಕೆಲಸ ಮಾಡುತ್ತೀಯಾ, ಅದನ್ನು ನೋಡುತ್ತಾರೆ. ಹೋಗಿ ಬಾ. ಆದರೆ ನಿನ್ನ ಹೆಸರು ಆಧಾರಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇದೆ ಅಂತ ನಿಮ್ಮಮ್ಮ ಹೋದ ವರ್ಷವೇ ಹೇಳಿದ್ದಳು. ಮೊದಲು ಆಧಾರ್ ಸರಿ ಮಾಡಿಸು.

ಇರಿ, ಡೈರಿಗೆ ಹಾಲು ಕೊಡುವ ಹೊತ್ತಾಯಿತು, ಇವರು ಕರೆಯುತ್ತಿದ್ದಾರೆ.

ಚಂದನಾ, ಸೋಮವಾರ ಬೆಳಿಗ್ಗೆ ನಾಡಕಚೇರಿಗೆ ಹೋಗು, ನಮೂನೆ ಎಫ್‌ಗೆ ಅರ್ಜಿ ಕೊಡು. ಅಲ್ಲಿಂದ ಸೀದಾ ಊರ ಶಾಲೆಗೆ ಹೋಗು. ಹೆಡ್‌ಮಾಸ್ಟರ್ ಮಧ್ಯಾಹ್ನದ ಬಿಸಿಯೂಟ ಮುಗಿಯುವವರೆಗಂತೂ ಅಲ್ಲೇ ಇರುತ್ತಾರೆ. ಕಾಗದ ಕೈಗೆ ಬಂದ ಮೇಲೆ ಫೋಟೋ ತೆಗೆದು ನನಗೊಬ್ಬಳಿಗೆ ಕಳಿಸು, ಈ ಗ್ರೂಪಿಗೆ ಹಾಕಬೇಡ. ದಿನಾಂಕ ಸರಿ ಇದೆಯಾ ಅಂತ ನಾನೇ ನೋಡುತ್ತೇನೆ.