ಉಡುಗೊರೆ ಕೊಟ್ಟ ಕೌದಿ ಅಲಮಾರಿ ಸೇರಿತು: ಮುಂದಿನ ಮೂರನ್ನು ಹೇಗೆ ಹೊಲಿಯಲಿ?

ಸೂಜಿಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ನಾನು ಗದಗದ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಕಳೆದ ವರ್ಷ ಅಕ್ಕನ ಮಗಳ ಕೂಸಿನ ತೊಟ್ಟಿಲು ಶಾಸ್ತ್ರಕ್ಕೆಂದು ಒಂದು ಕೌದಿಯನ್ನು ಕೈಯಾರೆ ಹೊಲಿದು ಕೊಟ್ಟೆ. ಅವ್ವನ ಇಳಕಲ್ ಸೀರೆಯ ಕೆಂಪು ಸೆರಗನ್ನು ನಡುವೆ ಇರಿಸಿ, ಸುತ್ತಲೂ ಗುಳೇದಗುಡ್ಡದ ಖಣದ ತುಂಡುಗಳನ್ನೂ ಹೊಸ ಬಿಳಿ ಕಾಟನ್ ಬಟ್ಟೆಯನ್ನೂ ಜೋಡಿಸಿ, ಒಳಗೆ ಹಳೆಯ ಸೀರೆಯ ಐದು ಪದರಗಳನ್ನು ಕೊಟ್ಟು, ಅರ್ಧ ಅಂಗುಲಕ್ಕೊಂದು ಸಾಲಿನಂತೆ ಹೊಲಿದು ಮುಗಿಸಲು ಎರಡು ತಿಂಗಳು ಹಿಡಿಯಿತು. ನೋಡಿದವರೆಲ್ಲ ಹೊಗಳಿದರು. ಮೊನ್ನೆ ಅವರ ಮನೆಗೆ ಹೋದಾಗ ಆ ಕೌದಿ ಪ್ಲಾಸ್ಟಿಕ್ ಚೀಲದೊಳಗೆ ಅಲಮಾರಿಯಲ್ಲಿತ್ತು. ಮೊದಲ ಸಲ ಒಗೆದಾಗಲೇ ಕೆಂಪು ಬಣ್ಣ ಬಿಟ್ಟು ಬಿಳಿಯ ತುಂಡುಗಳೆಲ್ಲ ಗುಲಾಬಿಯಾದವಂತೆ, ಹೊಸ ಬಟ್ಟೆ ಸೇದಿಕೊಂಡು ಅಂಚು ಸೊಟ್ಟಗಾಯಿತಂತೆ, ಇನ್ನೂ ಕೆಟ್ಟೀತೆಂಬ ಭಯದಿಂದ ತೆಗೆದಿರಿಸಿದ್ದಾರಂತೆ. ಕೂಸು ಅಂಗಡಿಯ ಹೊದಿಕೆಯ ಮೇಲೆ ಆಡುತ್ತಿತ್ತು.

ಈಗ ಮತ್ತೆ ಮೂರು ಕೂಸುಗಳ ನಿರೀಕ್ಷೆಯಿದೆ. ಧಾರವಾಡದ ತಂಗಿಗೆ ದೀಪಾವಳಿಯ ಹೊತ್ತಿಗೆ, ಕಚೇರಿಯ ಗೆಳತಿಗೆ ಸಂಕ್ರಾಂತಿಗೆ, ಡಲ್ಲಾಸ್‌ನಲ್ಲಿರುವ ಸೋದರಮಾವನ ಮಗಳಿಗೆ ಯುಗಾದಿಯ ಆಸುಪಾಸಿಗೆ ಹೆರಿಗೆಯಾಗಲಿದೆ. ಬಟ್ಟೆಯನ್ನು ಹೇಗೆ ಆರಿಸಬೇಕು, ಎಷ್ಟು ಪದರ ಸಾಕು, ಮೂರನ್ನೂ ಒಬ್ಬಳೇ ಹೊಲಿಯುವುದಾದರೆ ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಘಟಪ್ರಭೆಯ ದಂಡೆ:

ತಂಗೀ, ನೀವು ಹೊಲಿದದ್ದು ಗೋಡೆಗೆ ತೂಗುಹಾಕುವ ಕೌದಿ. ಬೇಸರ ಮಾಡಿಕೊಳ್ಳಬೇಡಿ, ನಾನೂ ಮೊದಲನೆಯ ಮೊಮ್ಮಗನಿಗೆ ಇಂಥದ್ದನ್ನೇ ಮಾಡಿದ್ದೆ. ಇಳಕಲ್ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ಹತ್ತಿಯ ಒಡಲಿಗೆ ರೇಷ್ಮೆಯ ಅಥವಾ ಕೃತಕ ರೇಷ್ಮೆಯ ಸೆರಗಿನ ಹಾಸನ್ನು, ಎಂದರೆ ಉದ್ದನೆಯ ನೂಲುಗಳನ್ನು, ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹೀಗಾಗಿ ಒಗೆದಾಗ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಖಣದ ಕಥೆಯೂ ಅದೇ. ಕುಬುಸಕ್ಕೆ ಅದರಷ್ಟು ಚೆಂದದ ಬಟ್ಟೆ ಇನ್ನೊಂದಿಲ್ಲ, ಆದರೆ ಕೂಸಿನ ಕೆನ್ನೆಗೆ ಅದು ಒರಟು. ಹುಟ್ಟಿದ ಕೂಸಿಗೆ ಹಳೆಯ ಬಟ್ಟೆಯನ್ನೇ ಮೊದಲು ತೊಡಿಸಬೇಕೆಂದು ಹಿರಿಯರು ಹೇಳುತ್ತಿದ್ದುದನ್ನು ನೀವೂ ಕೇಳಿರುತ್ತೀರಿ. ಶಾಸ್ತ್ರ ಏನೇ ಇರಲಿ, ನೂರು ಸಲ ನೀರು ಕಂಡ ಹತ್ತಿಯ ಸೀರೆಗೆ ಬಿಡಲು ಬಣ್ಣವೂ ಉಳಿದಿರುವುದಿಲ್ಲ, ಸೇದಿಕೊಳ್ಳಲು ಉದ್ದವೂ ಉಳಿದಿರುವುದಿಲ್ಲ.

ಹಳೆಯ ಸೀರೆಯೆಂದರೆ ಪಿಸಿದ ಸೀರೆಯೆಂದಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳುಗಳ ನಡುವೆ ಎಳೆದು ನೋಡಿ. ನೂಲು ಸರಿದು ಕಿಂಡಿ ಕಂಡರೆ ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಹಿಮ್ಮಡಿ ತಾಗುವ ಕೆಳ ಅಂಚು ಮೊದಲು ಸವೆಯುತ್ತದೆ, ಸೊಂಟಕ್ಕೆ ಸಿಕ್ಕಿಸುವ ತುದಿಯ ಬಟ್ಟೆ ಗಟ್ಟಿಯಾಗಿರುತ್ತದೆ. ಐದೂವರೆ ಮೀಟರಿನ ಸೀರೆಯೆಂದರೆ ಸುಮಾರು 216 ಅಂಗುಲ. ಸೆರಗಿನ ಒಂದು ಗಜವನ್ನು ಬಿಟ್ಟರೆ 180 ಅಂಗುಲ ಉಳಿಯುತ್ತದೆ. 40 ಅಂಗುಲದಂತೆ ಕತ್ತರಿಸಿದರೆ ನಾಲ್ಕು ತುಂಡುಗಳಾಗುತ್ತವೆ. ಅಂಚು ಮಡಚಿದ ಮೇಲೆ 36 ಅಂಗುಲದ ಚೌಕ ಕೌದಿಗೆ ಕೆಳಗೊಂದು, ನಡುವೊಂದು, ಮೇಲೊಂದು, ಒಟ್ಟು ಮೂರು ಪದರ ಸಾಕು. ಏಳು ಪದರದ ಕೌದಿಯನ್ನು ಬಾಣಂತಿ ಹಿಂಡಲಾರಳು, ಅದು ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಹೊಸ ಬಟ್ಟೆ ಸೇರಿಸಲೇಬೇಕೆಂದರೆ ಎರಡು ಸಲ ಒಗೆದು ಒಣಗಿಸಿದ ಮೇಲೆಯೇ ಕತ್ತರಿ ಹಾಕಿ. ಬಣ್ಣ ಬಿಡುವ ಬಟ್ಟೆಯನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಹಾಕಿದರೆ ಬಣ್ಣ ನಿಲ್ಲುತ್ತದೆ.

ನೀಲಿ ದಾರ:

ಮೇಲಿನ ಅಮ್ಮಾವರ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಉಪ್ಪಿನ ವಿಷಯವೊಂದನ್ನು ಬಿಟ್ಟು. ಬಣ್ಣ ಹಾಕುವಾಗ ಬಣ್ಣವು ಹತ್ತಿಯೊಳಗೆ ಇಳಿಯಲು ಉಪ್ಪು ನೆರವಾಗುತ್ತದೆ ನಿಜ. ಆದರೆ ಸರಿಯಾಗಿ ಕಚ್ಚಿಕೊಳ್ಳದ ಬಣ್ಣವನ್ನು ಆಮೇಲೆ ಉಪ್ಪುನೀರು ಹಿಡಿದು ನಿಲ್ಲಿಸುವುದಿಲ್ಲ. ಬಟ್ಟೆಯ ಮೂಲೆಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಬಿಳಿ ಪಂಚೆಯ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ನೀರು ತಿಳಿಯಾಗುವವರೆಗೆ ಒಗೆಯುತ್ತಲೇ ಇರಬೇಕು; ನಾಲ್ಕೈದು ಸಲ ಒಗೆದರೂ ತಿಳಿಯಾಗದಿದ್ದರೆ ಆ ಬಟ್ಟೆ ಕೂಸಿನ ಕೌದಿಗೆ ಬೇಡ.

ಇನ್ನು ಹೊಲಿಗೆಯ ಲೆಕ್ಕ. 36 ಅಂಗುಲದ ಚೌಕಕ್ಕೆ ಅರ್ಧ ಅಂಗುಲಕ್ಕೊಂದು ಸಾಲೆಂದರೆ ಸುಮಾರು 72 ಸಾಲುಗಳು, ಅಂದರೆ 65 ಮೀಟರಿಗೂ ಹೆಚ್ಚು ಉದ್ದದ ಹೊಲಿಗೆ. ನನ್ನ ಕೈಗೆ ಒಂದು ಸಾಲಿಗೆ ಕಾಲು ಗಂಟೆ ಬೇಕು, ಹೀಗಾಗಿ 18 ಗಂಟೆ. ಸಾಲುಗಳ ನಡುವೆ ಒಂದು ಅಂಗುಲ ಬಿಟ್ಟರೆ ಒಂಬತ್ತೇ ಗಂಟೆ. ಮೂರು ಪದರದ ಹಳೆಯ ಸೀರೆಗೆ ಒಂದು ಅಂಗುಲದ ಅಂತರ ಸಾಕಾಗುತ್ತದೆ, ಕೌದಿಯೂ ಮೆತ್ತಗೆ ಉಳಿಯುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಕುಳಿತರೂ ಹನ್ನೆರಡು ದಿನಗಳ ಕೆಲಸ. ಒಗೆಯುವುದು, ಕತ್ತರಿಸುವುದು, ಜೋಡಿಸುವುದು ಸೇರಿ ಒಂದು ಕೌದಿಗೆ ಒಂದು ತಿಂಗಳು ಇಟ್ಟುಕೊಳ್ಳಿ. ನೀವು ಎರಡು ತಿಂಗಳು ತೆಗೆದುಕೊಂಡದ್ದರಲ್ಲಿ ರೇಷ್ಮೆ ಜಾರುತ್ತಿದ್ದುದರ ಪಾಲೂ ಇದ್ದಿರಬೇಕು.

ಹಳಿಯಾಳ ರಸ್ತೆ:

ಉತ್ತರ ಕನ್ನಡದಲ್ಲಿ ಶಿಕ್ಷಕಿಯಾಗಿದ್ದೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಎಂಬ ಕೌದಿಯನ್ನು ನೀವು ಒಮ್ಮೆ ಹತ್ತಿರದಿಂದ ನೋಡಬೇಕು. ನಾವು ಮೊದಲು ಮೇಲಿನ ಚಿತ್ತಾರವನ್ನು ಜೋಡಿಸಿಕೊಂಡು, ಆಮೇಲೆ ಪದರ ಸೇರಿಸಿ, ಕೊನೆಗೆ ಅಂಚು ಕಟ್ಟಲು ಒದ್ದಾಡುತ್ತೇವೆ. ಅವರು ಇಡೀ ಸೀರೆಯ ತುಂಡೊಂದನ್ನು ಕೆಳಗೆ ಹಾಸಿ, ಅಂಚಿನ ಮೂಲೆಯಿಂದಲೇ ಆರಂಭಿಸಿ, ತುಂಡುಗಳನ್ನು ಒಂದೊಂದಾಗಿ ಮಡಚಿ ಇಟ್ಟು ಹೊಲಿಯುತ್ತ, ಸುತ್ತು ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಅಂಚು ಮೊದಲ ಸುತ್ತಿನಲ್ಲೇ ಮುಗಿದಿರುತ್ತದೆ. ಕಾಗದದ ಮೇಲೆ ನಕ್ಷೆ ಬರೆಯುವ ಅಗತ್ಯವಿಲ್ಲ, ಅಂಗೈಯಗಲದ ಚೂರೂ ವ್ಯರ್ಥವಾಗುವುದಿಲ್ಲ. ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ತುಂಡುಗಳನ್ನು ಕೂಡಿಸುತ್ತಾರೆ. ಅದಕ್ಕೆ ಫುಲಾ, ಎಂದರೆ ಹೂವು, ಎಂಬ ಹೆಸರಿದೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ನಿಮಗೆ ಅವ್ವನ ಖಣವನ್ನು ಬಿಡಲು ಮನಸ್ಸಿಲ್ಲದಿದ್ದರೆ, ಬಣ್ಣ ಬಿಡುವುದಿಲ್ಲವೆಂದು ಪರೀಕ್ಷಿಸಿದ ಮೇಲೆ, ಮೂಲೆಯ ಆ ಹೂವಿಗಷ್ಟೇ ಬಳಸಬಹುದಲ್ಲವೇ? ಮೂಲೆ ಕೂಸಿನ ಮೈಗೆ ಅಷ್ಟಾಗಿ ತಾಗುವುದಿಲ್ಲ. ಗುಂಡಿ, ಕನ್ನಡಿ ಚೂರು, ಮಿಂಚು, ಗೊಂಡೆ ಮಾತ್ರ ಯಾವ ಮೂಲೆಗೂ ಬೇಡ. ಹಲ್ಲು ಬರುವ ಕೂಸು ಮೊದಲು ಬಾಯಿಗೆ ಹಾಕಿಕೊಳ್ಳುವುದು ಮೂಲೆಯನ್ನೇ.

ಮಂಜಿನೂರು:

ಡಲ್ಲಾಸ್‌ಗೆ ಕಳುಹಿಸುವ ಕೌದಿಯ ಬಗ್ಗೆ ಒಂದು ಮಾತು, ಏಕೆಂದರೆ ನಾನೂ ಅಮೆರಿಕದಲ್ಲೇ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಮೊದಲ ಒಂದು ವರ್ಷ ಕೂಸು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ಕೌದಿ, ದಿಂಬು ಯಾವುದೂ ಇರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ; ಬಟ್ಟೆ ಮುಖದ ಮೇಲೆ ಬಂದರೆ ಉಸಿರುಗಟ್ಟುವ ಅಪಾಯವಿದೆ. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಇದನ್ನು ತಂದೆತಾಯಿಗೆ ಹೇಳಿ ಕಳುಹಿಸುತ್ತಾರೆ. ಆದ್ದರಿಂದ ಅಲ್ಲಿ ಕೌದಿ ಬಳಕೆಯಾಗಬೇಕೆಂದರೆ ಅದನ್ನು ಹೊದಿಸಲೆಂದು ಕೊಡದೆ, ಕೂಸು ಎಚ್ಚರವಿರುವಾಗ ದೊಡ್ಡವರ ಕಣ್ಣೆದುರು ನೆಲದ ಮೇಲೆ ಬೋರಲು ಮಲಗಿಸಿ ಆಡಿಸುವ ಹಾಸು ಎಂದು ಹೇಳಿ ಕೊಡಿ. ಅದಕ್ಕೆ 36 ಅಂಗುಲ ಸಾಲದು, ಕೂಸು ಉರುಳಲು ಕಲಿತ ದಿನವೇ ಅಂಚು ದಾಟುತ್ತದೆ. 45 ಅಂಗುಲ ಇರಲಿ. ಧಾರವಾಡದ ತಂಗಿಗೂ ಈ ಮಾತನ್ನು ತಿಳಿಸುವುದು ಒಳ್ಳೆಯದು. ಅಲ್ಲಿ ಅಜ್ಜಿಯಂದಿರನ್ನು ಒಪ್ಪಿಸುವ ಕಷ್ಟ ನನಗೂ ಗೊತ್ತು. ಇನ್ನೊಂದು ಮಾತು: ಅಮೆರಿಕದಲ್ಲಿ ಬಟ್ಟೆ ಒಗೆಯುವುದೂ ಒಣಗಿಸುವುದೂ ಯಂತ್ರದಲ್ಲೇ. ನೀವೇ ಬಿಸಿನೀರಿನಲ್ಲಿ ಎರಡು ಸಲ ಯಂತ್ರಕ್ಕೆ ಹಾಕಿ ನೋಡಿದ ಮೇಲೆ ಕಳುಹಿಸಿ.

ಸೂಜಿಮಲ್ಲಿಗೆ:

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಅವ್ವನ ಟ್ರಂಕನ್ನು ಇಳಿಸಿ, ಬೆಳಕಿಗೆ ಹಿಡಿದು ನೋಡಿ, ಒಂಬತ್ತು ಸೀರೆಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಧಾರವಾಡದ ಕೌದಿಗೆ ನೀಲಿ ಒಡಲಿನ ಸೀರೆಯ ಮೂರು ಪದರ, ಅಂಗುಲಕ್ಕೊಂದು ಸಾಲು; ದಸರೆಯ ಹೊತ್ತಿಗೆ ಹೊಲಿದು ಮುಗಿಸಿ ಎರಡು ಸಲ ಒಗೆದಿಡುತ್ತೇನೆ. ಗೆಳತಿಯದನ್ನು ಕವಂದಿಯ ರೀತಿಯಲ್ಲಿ ಅಂಚಿನಿಂದ ನಡುವಿಗೆ ಹೊಲಿದು ನೋಡುವ ಆಸೆಯಿದೆ, ಮೊದಲು ಒಂದು ದಿಂಬಿನಗಲದ ತುಂಡಿನಲ್ಲಿ ಕೈ ಪಳಗಿಸಿಕೊಳ್ಳಬೇಕು. ಡಲ್ಲಾಸ್‌ನದು ಎಲ್ಲಕ್ಕಿಂತ ದೊಡ್ಡದಾದ್ದರಿಂದ ಡಿಸೆಂಬರಿನಿಂದಲೇ ಆರಂಭಿಸುತ್ತೇನೆ. ಅಲಮಾರಿಯಲ್ಲಿರುವ ಹಳೆಯ ಕೌದಿಯನ್ನೂ ಕೇಳಿ ತಂದಿದ್ದೇನೆ. ಸೆರಗನ್ನೂ ಖಣವನ್ನೂ ಬಿಚ್ಚಿ, ಒಳಗಿನ ಐದು ಪದರಗಳನ್ನು ಎರಡು ಕೌದಿಗಳಾಗಿ ಮಾಡಿ ಹಿಂದಿರುಗಿಸುವ ಯೋಚನೆಯಿದೆ. ಒಂದು ಸಂದೇಹ ಉಳಿದಿದೆ: ಬಿಚ್ಚುವಾಗ ನೋಡಿದರೆ ನನ್ನ ದಾರದ ಗಂಟುಗಳೆಲ್ಲ ಕೆಳಬದಿಯಲ್ಲಿ ಕಾಳಿನಂತೆ ಗಟ್ಟಿಯಾಗಿವೆ. ಗಂಟಿಲ್ಲದೆ ದಾರ ನಿಲ್ಲುವುದೇ?

ಘಟಪ್ರಭೆಯ ದಂಡೆ:

ನಿಲ್ಲುತ್ತದೆ. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಬೇಡಿ, ಉದ್ದವಾದಷ್ಟೂ ಸಿಕ್ಕಾಗುತ್ತದೆ. ಆರಂಭದಲ್ಲಿ ಸೂಜಿಯನ್ನು ಎರಡು ಪದರಗಳ ನಡುವೆ ಎರಡು ಅಂಗುಲ ಹಾಯಿಸಿ ಮೇಲೆ ತಂದು, ಅದೇ ಜಾಗದಲ್ಲಿ ಎರಡು ಸಲ ಹಿಮ್ಮುಖವಾಗಿ ಹೊಲಿದು ಮುಂದೆ ಸಾಗಿ. ಮುಗಿಸುವಾಗಲೂ ಹಾಗೆಯೇ ಮಾಡಿ, ತುದಿಯನ್ನು ಪದರಗಳೊಳಗೆ ಹಾಯಿಸಿ ಹೊರಗೆ ಎಳೆದು ಬಟ್ಟೆಯ ಮಟ್ಟಕ್ಕೆ ಕತ್ತರಿಸಿದರೆ ಅದು ತಾನಾಗಿ ಒಳಗೆ ಸರಿದುಕೊಳ್ಳುತ್ತದೆ. ಉಪ್ಪಿನ ವಿಷಯದಲ್ಲಿ ನೀಲಿ ದಾರದವರು ಹೇಳಿದ್ದನ್ನು ನಿನ್ನೆ ಒಂದು ಕೆಂಪು ತುಂಡಿನ ಮೇಲೆ ಪರೀಕ್ಷಿಸಿದೆ. ಬೆಳಿಗ್ಗೆ ನೋಡಿದರೆ ಉಪ್ಪುನೀರು ಬೀಟ್‌ರೂಟ್ ಸಾರಿನಂತಾಗಿತ್ತು.